ಜಿನ್ನಿಂಗ್ ಸ್ಟಾಪಿನ ಓನರಮ್ಮ

ಓನರಮ್ಮನ ಹುಬ್ಬಿನ ಮೇಲೆ ಸದಾ ಒಂದೆರಡು ಎಳೆ ಹತ್ತಿ ಕೂತಿರುತ್ತಿತ್ತು. ಹುಬ್ಬು ದಟ್ಟ, ಕಡುಗಪ್ಪು. ಅದರ ಮೇಲೆ ಬಿಳಿ ಎಳೆ. ಮೊದಲ ಸಲ ನೋಡಿದಾಗ ನಾನು ನರೆ ಎಂದುಕೊಂಡಿದ್ದೆ. ಮಾತಿನ ನಡುವೆ ಸೆರಗಿನ ತುದಿಯಿಂದ ಹುಬ್ಬು ಒರೆಸಿಕೊಳ್ಳುವರು, ಎದುರಿನ ಮಿಲ್ಲಿನಿಂದ ಗಾಳಿ ಬೀಸುವುದು, ಮತ್ತೊಂದು ಎಳೆ ಬಂದು ಅಲ್ಲೇ ಕೂರುವುದು. ನಾವೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೀನಿ ಸೀನಿ ಸಾಯುತ್ತಿದ್ದರೆ ಅವರಿಗೆ ಒಂದು ಸೀನೂ ಬರುತ್ತಿರಲಿಲ್ಲ. “ನಮ್ಮ ಹೊಲದ್ ಗಾಳಿ ಕಣವ್ವ, ನಂಗ್ಯಾಕೆ ಸೀನು ಬರ್ತತೆ?” ಎನ್ನುವರು.

ದುರ್ಗ ಬಿಟ್ಟು ಹಿರಿಯೂರಿನ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ, ಊರಿನ ಮನೆಗಳು ಮುಗಿದು ಒಂದಿಷ್ಟು ಬಯಲು ಕಳೆದ ಮೇಲೆ ನಮ್ಮ ಏರಿಯಾ. ಬೋರ್ಡಿನಲ್ಲಿ ಅದಕ್ಕೆ ‘ಕೈಗಾರಿಕಾ ಪ್ರದೇಶ’ ಎಂಬ ಗತ್ತಿನ ಹೆಸರು. ಬಸ್ಸಿನಲ್ಲಿ ಹಾಗೆ ಕೇಳಿದರೆ ಯಾವ ಕಂಡಕ್ಟರನೂ ತಿರುಗಿ ನೋಡುವುದಿಲ್ಲ. “ಯಾರ್ರೀ ಜಿನ್ನಿಂಗ್, ಬರ್ರಿ ಮುಂದಕ್ಕೆ!” ಎಂದು ಕೂಗುತ್ತಾನೆ. ಹತ್ತಿಯಿಂದ ಬೀಜ ಬೇರ್ಪಡಿಸುತ್ತಿದ್ದ ಆ ಜಿನ್ನಿಂಗ್ ಮಿಲ್ಲು ಮುಚ್ಚಿ ಎಷ್ಟೋ ಕಾಲವಾಯಿತು, ಸ್ಟಾಪಿನ ಹೆಸರು ಮಾತ್ರ ಅದೇ ಉಳಿದಿದೆ. ಆ ಸ್ಟಾಪಿನ ಎದುರಿಗೆ ತಗಡಿನ ಸೂರಿನ ರೂಮುಗಳ ಉದ್ದನೆಯ ಸಾಲೊಂದಿತ್ತು. ಮಿಲ್ಲಿನ ಕೆಲಸದವರು ಬಾಡಿಗೆಗಿದ್ದ ಆ ಸಾಲಿನ ಒಡತಿಯೇ ನಮ್ಮ ಓನರಮ್ಮ. ಗಂಡ ತೀರಿಕೊಂಡಿದ್ದರು, ಮಕ್ಕಳಾಗಿರಲಿಲ್ಲ. ಸಾಲಿನ ತುದಿಯ ಹೆಂಚಿನ ಮನೆಯಲ್ಲಿ ಒಬ್ಬರೇ ಇದ್ದರು.

ಒಬ್ಬರೇ ಇದ್ದರು ಎಂದೆನೇ? ತಪ್ಪಾಯಿತು. ಆ ಬಾಯಿ ಇದ್ದ ಕಡೆ ಒಬ್ಬರೇ ಇದ್ದಂತೆ ಯಾರಿಗೂ ಅನ್ನಿಸುತ್ತಿರಲಿಲ್ಲ. ಮಿಲ್ಲಿನಲ್ಲಿ ವರ್ಷಗಟ್ಟಲೆ ಹತ್ತಿ ಆರಿಸುವ ಕೆಲಸ ಮಾಡಿದ್ದರಿಂದ ಯಂತ್ರದ ಸದ್ದಿನ ಮೇಲೆ ಮಾತಾಡಿ ಅಭ್ಯಾಸ. ಗುಟ್ಟು ಹೇಳಿದರೂ ಹೆದ್ದಾರಿಯ ಆಚೆ ಕೇಳುತ್ತಿತ್ತು. ಬೆಳಗಿನ ಶಿಫ್ಟಿನವರು ಮಲಗಿದ್ದರೆ ಬಾಗಿಲು ತಟ್ಟುವ ಗೋಜಿಗೆ ಹೋಗದೆ, ಕೋಲು ತೆಗೆದುಕೊಂಡು ಸೂರಿನ ತಗಡಿಗೆ ಸಾಲಾಗಿ ಬಾರಿಸುತ್ತಾ ಹೋಗುವರು. “ಏಳ್ರಲೇ, ಮಿಲ್ಲು ನಿಮ್ಮ ಮಾವನ ಮನೇದಲ್ಲ!” ಹುಟ್ಟಿನಿಂದಲೇ ಬಂದ ದನಿ ಅದು ಎಂದು ನಾನು ಮೊದಲು ತಿಳಿದಿದ್ದೆ.

ಮಿಲ್ಲು ಬರುವ ಮೊದಲು ಅದೆಲ್ಲ ಅವರ ಗಂಡನ ಮನೆಯ ಶೇಂಗಾ ಹೊಲ. ಕೆಂಪು ಮಸಾರಿ ನೆಲ, ನಡುವೆ ಒಂದು ಬಾವಿ, ದೂರಕ್ಕೆ ಕೋಟೆಯ ಬಂಡೆಗಳು. ಸರ್ಕಾರ ಹೊಲದ ಬಹುಪಾಲು ತೆಗೆದುಕೊಂಡು ಪ್ಲಾಟು ಮಾಡಿತು, ಬಾವಿಯ ಸುತ್ತಲಿನ ತುಂಡು ಇವರಿಗೆ ಉಳಿಯಿತು. ಮೊದಲು ಬಂದವರು ಶೆಡ್ಡು ಕಟ್ಟುವ ಕೂಲಿಯವರು. ಬಾವಿಯ ಹತ್ತಿರ ಬಂದು ಕುಡಿಯಲು ನೀರು ಕೇಳಿದರು. ಮಾರನೆಯ ದಿನ ಅಕ್ಕಿ ತಂದು, ಒಲೆ ಹೂಡಲು ಜಾಗ ಕೇಳಿದರು. ಮಳೆ ಬಂದ ದಿನ ಮಲಗಲು ದನದ ಕೊಟ್ಟಿಗೆ ಕೇಳಿದರು. ಮಿಲ್ಲು ಶುರುವಾದ ಮೇಲೆ ಗಂಡಹೆಂಡಿರಿಬ್ಬರೂ ಸೇರಿ ಒಂದು ರೂಮು ಹಾಕಿದರು, ಆಮೇಲೆ ಅದರ ಪಕ್ಕಕ್ಕೆ ಇನ್ನೊಂದು. ಜಿನ್ನಿಂಗ್ ಹಿಂದೆ ಎಣ್ಣೆ ಮಿಲ್ಲು ಬಂತು, ಅದರ ಹಿಂದೆ ಲೇತ್ ಅಂಗಡಿಗಳು, ಲಾರಿಗೆ ಬಾಡಿ ಕಟ್ಟುವ ಶೆಡ್ಡುಗಳು ಬಂದವು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಹಳ್ಳಿಗಳಿಂದ ಜನ ಬಂದು ತುಂಬಿದರು. “ನೀರು ಕೇಳಾಕೆ ಬಂದೋರೇ ಊರಾಗಿದ್ದು ಕಣವ್ವ. ಅವತ್ತು ಇಲ್ಲ ಅಂದಿದ್ರೆ ನೀವ್ಯಾರೂ ಇರ್ತಿರ್ಲಿಲ್ಲ” ಎಂದು ಜಂಬ ಕೊಚ್ಚಿಕೊಳ್ಳುವರು.

ಊರು ಎಂದರೆ ಹೇಳುವಷ್ಟು ಊರೇನೂ ಅಲ್ಲ ಅದು. ಹಬ್ಬ ಬಂದರೆ ಸಾಲಿಗೆ ಸಾಲೇ ಬೀಗ. ಎಲ್ಲರೂ ತಂತಮ್ಮ ಹಳ್ಳಿಯ ಬಸ್ಸು ಹತ್ತುವರು. ಮದುವೆ ಆದರೆ ಹಳ್ಳಿಯಲ್ಲಿ, ಕಾಯಿಲೆ ಬಿದ್ದರೆ ಹಳ್ಳಿಗೆ. ಬಸುರಿ ಹೆಂಗಸರಂತೂ ಏಳನೇ ತಿಂಗಳಿಗೆ ತವರಿಗೆ ಹೋದವರು ಮಗು ತೆವಳುವ ಹೊತ್ತಿಗೆ ವಾಪಸು ಬರುವರು. ಅಲ್ಲಿ ಯಾರೂ ಹುಟ್ಟುತ್ತಿರಲಿಲ್ಲ, ಯಾರೂ ಸಾಯುತ್ತಿರಲಿಲ್ಲ. ಇದು ಓನರಮ್ಮನಿಗೆ ಹೊಟ್ಟೆಯೊಳಗಿನ ಸಂಕಟ. ಹಬ್ಬದ ಹಿಂದಿನ ದಿನ ಬೀಗದ ಕೈ ಕೊಡಲು ಹೋದರೆ ಮುಖ ಊದಿಸಿಕೊಂಡು, “ಹೋಗ್ರವ್ವ ಹೋಗ್ರಿ. ಇದೇನು ಊರಾ? ಬಸ್ ಸ್ಟ್ಯಾಂಡು! ಶೇಂಗಾ ಆದ್ರೂ ಇಲ್ಲೇ ಹುಟ್ಟಿ ಇಲ್ಲೇ ಒಣಗ್ತಿತ್ತು” ಎಂದು ಗೊಣಗುವರು.

ನಾನು ಅಲ್ಲಿಗೆ ಬಂದದ್ದು ಓಡಿಬಂದು. ಮುಚ್ಚುಮರೆ ಏನಿದೆ ಅದರಲ್ಲಿ? ನನ್ನದು ರಾಮಗಿರಿಯ ಹತ್ತಿರದ ಹಳ್ಳಿ. ಹೊಳಲ್ಕೆರೆಗೆ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದೆ. ಕ್ಲಾಸಿನ ಎದುರಿಗೆ ಲೇತ್ ಅಂಗಡಿ, ಅಂಗಡಿಯಲ್ಲಿ ನಮ್ಮವರು. ಅವರದು ಹಿರಿಯೂರಿನ ಬಬ್ಬೂರಿನ ಕಡೆ, ಜಾತಿ ಬೇರೆ. ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್ ಕೆಲಸ ಸಿಕ್ಕ ವಾರವೇ ಇಬ್ಬರೂ ದುರ್ಗಕ್ಕೆ ಬಂದು ರಿಜಿಸ್ಟರ್ ಮದುವೆ ಮಾಡಿಕೊಂಡೆವು. ಮಧ್ಯಾಹ್ನ ಚಂದ್ರವಳ್ಳಿ ಕೆರೆಯ ಏರಿಯ ಮೇಲೆ ಕೂತು ಕಡಲೆಕಾಯಿ ತಿಂದೆವು, ಅದೇ ಮದುವೆಯೂಟ. ಅಪ್ಪನಿಂದ ಒಂದೇ ಮಾತು ಬಂತು: “ನನ್ನ ಹೊಸ್ತಿಲು ತುಳಿದ್ರೆ ಕಾಲು ಇರಲ್ಲ.”

ಬಂದ ಹೊಸದರಲ್ಲಿ ನಾನು ರೂಮಿನಿಂದ ಹೊರಗೇ ಬರುತ್ತಿರಲಿಲ್ಲ. ನಾಚಿಕೆ, ಭಯ, ಜೊತೆಗೆ ಯಾರಾದರೂ ಏನಾದರೂ ಅಂದರೆ ಜಗಳಕ್ಕೆ ನಿಲ್ಲುವ ನನ್ನ ಬುದ್ಧಿ. ನೀರನ್ನೂ ನಮ್ಮವರೇ ಸೇದಿ ತರುತ್ತಿದ್ದರು. ಓನರಮ್ಮ ಎರಡು ದಿನ ನೋಡಿದರು, ಮೂರನೆಯ ದಿನ ಬಾಗಿಲಲ್ಲಿ ನಿಂತರು. “ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ತಗಾ ಕೊಡ. ನಿನ್ನ ಮುಖ ಅಷ್ಟು ಚಂದ ಐತೇನು, ಮುಚ್ಚಿಟ್ಕಳಾಕೆ?” ನನಗೆ ರೇಗಿತು. “ನಿಮ್ಮಷ್ಟು ಚಂದ ಇಲ್ಲ ಬಿಡಿ” ಎಂದೆ. ಅವರು ಬಾವಿಯ ತನಕ ನಗುತ್ತಾ ಬಂದರು. ಅವತ್ತಿನಿಂದ ನಾನೆಂದರೆ ಅವರಿಗೆ ಒಂದು ತೂಕ ಹೆಚ್ಚು.

ವರ್ಷ ತುಂಬುವುದರೊಳಗೆ ಬಸುರಾದೆ. ಆಗ ಶುರುವಾಯಿತು ನೋಡಿ ಪಜೀತಿ. ಚೊಚ್ಚಲ ಹೆರಿಗೆ ತವರಿನದು ಎಂಬುದು ನಮ್ಮ ಕಡೆ ಕಲ್ಲಿನಲ್ಲಿ ಕೊರೆದ ಮಾತು. ಅತ್ತೆ ಬಬ್ಬೂರಿನ ಕಡೆಯಿಂದ ಬಂದು, ಮಾತಿಗೆ ಸಕ್ಕರೆ ಸವರಿಯೇ ಹೇಳಿದರು: “ನಂಗೇನೂ ಸಿಟ್ಟಿಲ್ಲ ತಾಯಿ. ಆದ್ರೆ ಮೊದಲ್ನೇದು ನಾವು ಮಾಡಿದ್ರೆ ಜನ ಏನಂತಾರೆ? ನಿಮ್ಮೋರು ಕರ್ಕಂಡ್ ಹೋಗ್ಲಿ.” ನನ್ನ ತವರಿನವರು ಬಂದಾರೆಯೇ? ಏಳನೇ ತಿಂಗಳು ಬಂತು. ತವರಿನವರು ಹಸಿರು ಸೀರೆ ತಂದು ಕುಬಸ ಮಾಡುವ ತಿಂಗಳು. ಪಕ್ಕದ ರೂಮಿನ ಹೊಸದುರ್ಗದವಳ ತವರಿನವರು ಅದೇ ತಿಂಗಳು ಗಾಡಿ ಮಾಡಿಕೊಂಡು ಬಂದು, ಅದೇ ಸಾಲಿನಲ್ಲಿದ್ದ ಅವಳ ತಂಗಿಗೆ ಕುಬಸ ಮಾಡಿ ಕರೆದೊಯ್ದರು. ನಾನು ಬಾಗಿಲು ಹಾಕಿಕೊಂಡು, ದಿಂಬು ಕಚ್ಚಿಕೊಂಡು ಅತ್ತುಬಿಟ್ಟೆ. ಹೆರುವುದು ಎಲ್ಲಿ, ಎಣ್ಣೆ ನೀರು ಹಾಕುವವರು ಯಾರು, ಮಗು ಅತ್ತರೆ ಯಾಕೆ ಅಳುತ್ತದೆಂದು ಹೇಳುವವರು ಯಾರು? ನನಗೆ ಏನೂ ಗೊತ್ತಿರಲಿಲ್ಲ.

ಓನರಮ್ಮ ನನಗೆ ಹೇಳಲೂ ಇಲ್ಲ ಕೇಳಲೂ ಇಲ್ಲ. ಒಂದು ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ವಿಭೂತಿ ಧರಿಸಿ, ಹೊಳಲ್ಕೆರೆ ಬಸ್ಸು ಹತ್ತಿ ನಮ್ಮ ಹಳ್ಳಿಗೇ ಹೋಗಿಬಿಟ್ಟರು. ಸಂಜೆ ವಾಪಸು ಬಂದು ನನ್ನ ಬಾಗಿಲಲ್ಲಿ ಕೂತು, ಚಪ್ಪಲಿ ಬಿಚ್ಚಿ ಎಸೆದರು.

“ನಿಮ್ಮಪ್ಪ ನೀರೂ ಕೊಡ್ಲಿಲ್ಲ ನೋಡು. ನಾನು ನೀರು ಕೇಳಿದೋರ್ಗೆಲ್ಲ ಮನೆ ಕಟ್ಸಿ ಕೊಟ್ಟೋಳು, ನಂಗೆ ನೀರು ಕೊಡ್ಲಿಲ್ಲ!”

“ಯಾಕ್ ಹೋಗಿದ್ರಿ? ಯಾರು ಹೋಗ್ರಿ ಅಂದ್ರು ನಿಮಗೆ?” ಎಂದು ಕೂಗಾಡಿದೆ.

“ಕೇಳಿಲ್ಲಿ. ‘ನಂಗೆ ಮಗಳೇ ಇಲ್ಲ’ ಅಂದ ನಿಮ್ಮಪ್ಪ. ‘ಹಂಗಾದ್ರೆ ಒಳ್ಳೇದಾತು, ನಂಗೂ ಇಲ್ಲ. ನೀನು ಬಿಟ್ಟಿದ್ದನ್ನ ನಾನು ತಗಂಡೆ. ನಾಳೆ ಬಂದು ಕೇಳಂಗಿಲ್ಲ’ ಅಂದೆ. ಎದ್ದು ಬಂದೆ.”

ಆಮೇಲೆ ದನಿ ತಗ್ಗಿಸಿದರು. ಅವರ ದನಿ ತಗ್ಗಿದ್ದು ನಾನು ಕೇಳಿದ್ದು ಅದೇ ಮೊದಲು. “ನಿಮ್ಮವ್ವ ಹಿತ್ತಲಿಂದ ಓಡಿ ಬಂದ್ಲು. ಇದನ್ನ ಕೊಟ್ಲು.” ಕಂಕುಳಲ್ಲಿದ್ದ ಗಂಟು ಬಿಚ್ಚಿದರೆ ಅವ್ವನ ಹಳೆಯ ನೂಲಿನ ಸೀರೆ, ಒಗೆದು ಒಗೆದು ಮೆತ್ತಗಾದದ್ದು, ಮಗುವಿಗೆ ಹಾಸಲು ಹೊದಿಸಲು. ಅದನ್ನು ಮುಖಕ್ಕೆ ಒತ್ತಿಕೊಂಡು ನಾನು ಅತ್ತದ್ದು ನೋಡಿ ಓನರಮ್ಮ ಬೈಯಲಿಲ್ಲ. “ಅಳು. ಇವತ್ತೊಂದಿನ ಅಳು. ನಾಳೆಯಿಂದ ಆ ದಿಕ್ಕಿಗೆ ನೋಡಿದ್ರೆ ಕೆನ್ನೆಗೆ ಬಾರಿಸ್ತೀನಿ” ಎಂದರು.

ಹೆರಿಗೆಗೆ ಇನ್ನೂ ದಿನ ಇತ್ತು. ಯುಗಾದಿ ಬಂತು. ಸಾಲಿಗೆ ಸಾಲೇ ಬೀಗ, ಮಿಲ್ಲಿಗೆ ರಜ. ಅಮ್ಮನ ಮನೆಯ ಹಬ್ಬಕ್ಕೆ ತಲೆ ತೋರಿಸಿ ಸಂಜೆಗೆ ಬರುತ್ತೇನೆಂದು ನಮ್ಮವರು ಬಬ್ಬೂರಿಗೆ ಹೋದರು. ಉಳಿದದ್ದು ನಾನು, ಓನರಮ್ಮ, ಮಿಲ್ಲಿನ ಗೇಟಿನ ವಾಚ್‌ಮನ್. ಬೆಳಿಗ್ಗೆ ಬೇವು ಬೆಲ್ಲ ಬಾಯಿಗಿಟ್ಟುಕೊಂಡಿದ್ದೇ ತಡ, ಸೊಂಟ ಹಿಡಿಯಿತು. ಬೆಲ್ಲ ಗಂಟಲಿಗಿಳಿಯುವ ಮೊದಲೇ ನೀರು ಒಡೆಯಿತು. ಹೆದ್ದಾರಿಯಲ್ಲಿ ಒಂದು ಬಸ್ಸಿಲ್ಲ, ಆಟೋ ಇಲ್ಲ. ಫೋನು ಇದ್ದದ್ದು ಮಿಲ್ಲಿನ ಆಫೀಸಿನೊಳಗೆ, ಅದಕ್ಕೆ ಬೀಗ. “ಓನರಮ್ಮಾ, ಸಾಯ್ತೀನಿ” ಎಂದೆ. “ಹಬ್ಬದಿನ ಯಾರೂ ಸಾಯಲ್ಲ, ಸುಮ್ಕಿರು” ಎಂದು ನನ್ನನ್ನು ಬೇವಿನ ಮರದ ಕೆಳಗೆ ಕೂರಿಸಿ, ಸೀರೆ ಎತ್ತಿಕಟ್ಟಿ ಗೇಟಿನ ಕಡೆ ಓಡಿದರು.

ಹತ್ತಿ ಮಿಲ್ಲಿನಲ್ಲಿ ಸೈರನ್ ಬಿಟ್ಟೂ ಬಿಡದೆ ಕೂಗಿದರೆ ಒಂದೇ ಅರ್ಥ: ಬೆಂಕಿ. ಶಿಫ್ಟಿಗೆ ಒಂದು ಸಲ ಕೂಗಿ ನಿಲ್ಲುವುದು ಬೇರೆ. ಒಣ ಹತ್ತಿಗೆ ಕಿಡಿ ಬಿದ್ದರೆ ಸುತ್ತಲಿನ ಶೆಡ್ಡುಗಳೆಲ್ಲ ಭಸ್ಮ, ಅದಕ್ಕೇ ಆ ಕೂಗು ಕೇಳಿದವರು ಉಂಡ ಕೈ ತೊಳೆಯದೆ ಓಡಿ ಬರಬೇಕು ಎಂಬುದು ಅಲ್ಲಿನ ಕಟ್ಟಳೆ. ಓನರಮ್ಮ ವಾಚ್‌ಮನ್ನಿನ ಎದುರು ನಿಂತು ಸೈರನ್ ಒತ್ತು ಎಂದರು. ಇಬ್ಬರ ಮಾತೂ ನನಗೆ ಮರದ ಕೆಳಗೆ ಸ್ಪಷ್ಟವಾಗಿ ಕೇಳುತ್ತಿತ್ತು.

“ಬೆಂಕಿ ಇಲ್ದೆ ಸೈರನ್ ಹಾಕಿದ್ರೆ ನನ್ನ ಕೆಲಸ ಹೋಗ್ತತೆ ಅಮ್ಮಾ.”

“ಬೆಂಕಿ ಬೇಕಾ ನಿಂಗೆ? ನೀನು ಸೈರನ್ ಒತ್ತುತೀಯೋ, ನಾನು ಹೋಗಿ ಕಡ್ಡಿ ಗೀರ್ಲೋ?”

ಅವನಿಗೆ ಓನರಮ್ಮನ ಸ್ವಭಾವ ಗೊತ್ತಿತ್ತು. ಒತ್ತಿದ.

ಆ ಕೂಗು ಎದ್ದ ಮೇಲೆ ನೋಡಬೇಕಿತ್ತು! ಎಣ್ಣೆ ಮಿಲ್ಲಿನ ಕಾವಲಿನವರು ಮರಳಿನ ಬಕೆಟ್ಟು ಹಿಡಿದು ಬಂದರು. ಡಾಬಾದಲ್ಲಿ ನಿಂತಿದ್ದ ಲಾರಿಯವರು ಬಂದರು. ಪಕ್ಕದ ಹೊಲಗಳ ರೈತರು ಹೊಸ ಬಟ್ಟೆಯಲ್ಲೇ ಕೊಡ ಹೊತ್ತು ಬಂದರು. ಕೊನೆಗೆ ದುರ್ಗದ ಕಡೆಯಿಂದ ಧೂಳೆಬ್ಬಿಸಿಕೊಂಡು ಜೀಪು ಬಂತು. ಇಳಿದವರು ಮಿಲ್ಲಿನ ಮಾಲೀಕರು. ಯುಗಾದಿಯ ಎಣ್ಣೆಸ್ನಾನ ಅರ್ಧಕ್ಕೇ ಬಿಟ್ಟು ಬಂದಿದ್ದರು. ನೆತ್ತಿಯಿಂದ ಹರಳೆಣ್ಣೆ ಇಳಿಯುತ್ತಿದೆ, ಸೊಂಟಕ್ಕೊಂದು ಪಂಚೆ, ಹೆಗಲಿಗೊಂದು ಟವೆಲ್ಲು. “ಎಲ್ಲೈತ್ರೀ ಬೆಂಕಿ? ಎಲ್ಲೈತಿ?” ಎಂದು ಕೂಗಿದರು.

ಓನರಮ್ಮ ನನ್ನ ಕಡೆ ಕೈ ತೋರಿಸಿದರು. “ಇವಳ ಹೊಟ್ಟೆಯಾಗೆ. ಜೀಪು ತಿರುಗ್ಸ್ರಿ.”

ಆ ಮನುಷ್ಯರು ದೊಡ್ಡವರು, ಇವತ್ತಿಗೂ ಅವರನ್ನು ನೆನೆಯುತ್ತೇನೆ. ಬಂದ ವೇಗದಲ್ಲೇ ತಿರುಗಿ ತಾವೇ ಸ್ಟೀರಿಂಗ್ ಹಿಡಿದರು. ಹರಳೆಣ್ಣೆಯ ಕೈಯಲ್ಲಿ ಸ್ಟೀರಿಂಗ್ ಜಾರುವುದು, ಓನರಮ್ಮ ಹಿಂದಿನಿಂದ “ಟವೆಲ್ಲಿಂದ ಹಿಡ್ಕಳ್ರಿ, ಟವೆಲ್ಲಿಂದ!” ಎಂದು ಕೂಗುವುದು. ಆ ನೋವಿನಲ್ಲೂ ನನಗೆ ನಗು ಬಂತು. ಆಸ್ಪತ್ರೆಯ ಮೆಟ್ಟಿಲು ಹತ್ತಿಸುವಾಗ ನರ್ಸು ಕೇಳಿದಳು, “ನೀವು ಏನಾಗ್ಬೇಕು ಇವರಿಗೆ?” ಓನರಮ್ಮ ತಡವರಿಸಲಿಲ್ಲ. “ಅವ್ವ” ಎಂದರು.

ಹೆಣ್ಣು ಮಗು. ದಿನ ತುಂಬದೆ ಹುಟ್ಟಿದ್ದು, ಅಂಗೈಗೆ ಹೆಚ್ಚು ಮೊಳಕೈಗೆ ಕಡಿಮೆ. ಅಳುವಿಗೂ ಶಕ್ತಿ ಇಲ್ಲ. ಮನೆಗೆ ಕಳಿಸುವಾಗ ಡಾಕ್ಟರು ಒಂದೇ ಮಾತು ಹೇಳಿದರು: ಬೆಚ್ಚಗಿಡಬೇಕು, ಒಂದು ಗಳಿಗೆಯೂ ತಣ್ಣಗಾಗಬಾರದು, ಹಾಲು ತಪ್ಪಬಾರದು. ಅತ್ತೆ ಬಂದು ಮಗುವನ್ನು ನೋಡಿ ಕಣ್ಣು ಒರೆಸಿಕೊಂಡರು. ಆದರೆ ಬಾಯಿ ಸುಮ್ಮನಿರಬೇಕಲ್ಲ? “ಹಡೀದೇ ಇರೋಳು ಏನು ಬಾಣಂತನ ಮಾಡ್ತಾಳೆ? ಕೂಸು ಉಳಿದಂಗೇ” ಎಂದರು. ನಾನು ಎದ್ದು ಕೂತು ಏನೋ ಅನ್ನುವವಳಿದ್ದೆ. ಓನರಮ್ಮ ನನ್ನ ಭುಜ ಒತ್ತಿ ಮಲಗಿಸಿದರು. “ಅವರಂದಿದ್ದು ದಿಟ. ನಂಗೊಬ್ಬಳಿಗೆ ಗೊತ್ತಿಲ್ಲ. ಸಾಲಿನೋರೆಲ್ಲ ಸೇರಿದ್ರೆ ಗೊತ್ತೈತೆ” ಎಂದರು.

ಹಾಗೆ ಶುರುವಾಯಿತು ನನ್ನ ಶಿಫ್ಟಿನ ಬಾಣಂತನ. ಸಾಲಿನ ಹೆಂಗಸರೆಲ್ಲ ಮಿಲ್ಲಿನ ಕೆಲಸದವರೇ. ಓನರಮ್ಮ ಅವರನ್ನು ಬಾವಿಕಟ್ಟೆಗೆ ಕರೆದು ಹಂಚಿಬಿಟ್ಟರು. ಎರಡನೇ ಶಿಫ್ಟಿನವರು ಬೆಳಿಗ್ಗೆ ಮನೆಯಲ್ಲಿರುತ್ತಾರೆ, ಆದ್ದರಿಂದ ಎಣ್ಣೆ ನೀರು ಅವರದು. ಮೊದಲ ಶಿಫ್ಟು ಮುಗಿಸಿ ಬಂದವರು ಮಧ್ಯಾಹ್ನದ ಮೇಲೆ ಕಷಾಯ, ಊಟ, ಬಟ್ಟೆ ನೋಡಬೇಕು. ಕತ್ತಲಾದ ಮೇಲೆ ಓನರಮ್ಮನೇ. ಜಿನ್ನಿಂಗ್ ಮಿಲ್ಲಿನಿಂದ ಆಗಷ್ಟೇ ಬೀಜ ತೆಗೆದ ಹೊಸ ಹತ್ತಿ ತರಿಸಿ, ಅವ್ವನ ಸೀರೆಯಲ್ಲಿ ಮೆತ್ತೆ ಹೊಲಿದು, ಮಗುವನ್ನು ಅದರೊಳಗೆ ಸುತ್ತಿದರು. ಮೂಗು ಬಾಯಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ನಮಗೆಲ್ಲ ಸೀನು ತರಿಸುತ್ತಿದ್ದ ಹತ್ತಿ ನನ್ನ ಕೂಸಿಗೆ ಕಾವಾಯಿತು.

ಒಬ್ಬೊಬ್ಬರದು ಒಂದೊಂದು ಊರು, ಒಂದೊಂದು ಪಥ್ಯ. ಹೊಸದುರ್ಗದವಳು ಬಾಣಂತಿಗೆ ಕೊಬ್ಬರಿ ಬೆಲ್ಲ ಬಿಟ್ಟರೆ ಹಾಲಿಲ್ಲ ಎನ್ನುವಳು. ಹಿರಿಯೂರಿನಾಚೆ ಆಂಧ್ರದ ಗಡಿಯಿಂದ ಬಂದವಳೊಬ್ಬಳು “ಅಯ್ಯೋ ಕೊಬ್ಬರಿ ವದ್ದು, ಕೆಮ್ಮು ಬರ್ತದೆ! ಬೆಳ್ಳುಳ್ಳಿ ಕಾರಂ ಕೊಡ್ರಿ” ಎಂದು ತಡೆಯುವಳು. ಲಾರಿ ಬಾಡಿ ಕಟ್ಟುವ ಸಾಬರ ಹೆಂಡತಿ ತುಪ್ಪ, ಒಣಹಣ್ಣು ಹಾಕಿ ಕಾಯಿಸಿದ ಹರೀರಾವನ್ನು ಪಾತ್ರೆ ಮುಚ್ಚಿಕೊಂಡು ತಂದು, “ಇದು ಕುಡಿ, ಸೊಂಟಕ್ಕೆ ತಾಕತ್” ಎನ್ನುವಳು. ನನ್ನ ತಲೆಯ ಮೇಲೇ ಇವರ ಜಗಳ. ಓನರಮ್ಮ ಎಲ್ಲರ ಮಾತೂ ಕೇಳಿ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಿನ್ನಿಸಿದರು. ಹಾಲಂತೂ ಬಂತು. ಯಾವುದರಿಂದ ಬಂತೆಂದು ಆ ಮೂವರೂ ಕೊನೆಯವರೆಗೂ ವಾದ ಮಾಡಿದರು.

ಸೋಮವಾರ ಬಂತು. ಸೋಮವಾರವೆಂದರೆ ಮಿಲ್ಲಿನಲ್ಲಿ ಶಿಫ್ಟು ಅದಲುಬದಲಾಗುವ ದಿನ, ಅದು ಯಾರ ತಲೆಗೂ ಹೋಗಿರಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಉಳಿದ ಹೊಸ ತಂಡ ತಮ್ಮ ಸರದಿಯೆಂದು ನನ್ನನ್ನು ಬಚ್ಚಲಿಗೆ ಕೂರಿಸಿ, ಹರಳೆಣ್ಣೆ ತಿಕ್ಕಿ, ಕುದಿಯುವ ನೀರು ಹೊಯ್ದು, ಸಾಂಬ್ರಾಣಿ ಹೊಗೆ ಹಾಕಿ ಮಲಗಿಸಿ ಬಾವಿಗೆ ಹೋದರು. ಹಳೆಯ ತಂಡ ಮಧ್ಯಾಹ್ನ ಮಿಲ್ಲಿನಿಂದ ಬಂದವರೇ, “ಅಯ್ಯೋ, ಇವತ್ತು ನೀರೇ ಹಾಕಿಲ್ಲವಲ್ಲ ನಾವು!” ಎಂದು ನನ್ನನ್ನು ಎಬ್ಬಿಸಿ ಮತ್ತೆ ಬಚ್ಚಲಿಗೆ ನಡೆಸಿದರು. ಬೆಳಿಗ್ಗೆಯೇ ಆಯಿತು ಮಾರಾಯ್ತಿಯರೇ ಎಂದರೆ ಕೇಳುವವರಾರು? ಬಾಣಂತಿಯ ಮಾತಿಗೆ ಬೆಲೆಯೇ? “ಎಲ್ಲಾ ಬಾಣಂತೀರೂ ನೀರಿಗೆ ಹೆದರಿ ಹಂಗೇ ಅಂತಾರೆ” ಎಂದು ಇನ್ನೊಂದು ಹಂಡೆ ಹೊಯ್ದರು. ಎರಡು ಸಲ ಮೆಣಸಿನ ಕಷಾಯ, ಎರಡು ಸಲ ಹೊಗೆ. ಸಂಜೆಗೆ ನಾನು ಬೆಂದ ಗೆಣಸು. ಓನರಮ್ಮ ಬಂದಾಗ ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ನಕ್ಕು ನಕ್ಕು ನೆಲಕ್ಕೆ ಕೂತರು, ಆಮೇಲೆ ಹೆಂಗಸರಿಗೆ ಹೊಸ ಕಾನೂನು ಮಾಡಿದರು: ಮಿಲ್ಲಿನಂತೆ ಇಲ್ಲೂ ಚಾರ್ಜ್ ಕೊಟ್ಟು ಹೋಗಬೇಕು. ಅಂದಿನಿಂದ ದಿನಾ ನನ್ನ ಬಾಗಿಲಲ್ಲಿ ನಿಂತು ಒಬ್ಬಳು “ಎಣ್ಣೆ ಆತು, ನೀರಾತು, ಹೊಗೆ ಆತು, ಕೂಸು ಎರಡು ಸಲ ಕುಡೀತು!” ಎಂದು ಕೂಗುವಳು, ಇನ್ನೊಬ್ಬಳು “ಚಾರ್ಜ್ ತಗಂಡೆ!” ಎನ್ನುವಳು. ಹೆದ್ದಾರಿಯ ಲಾರಿಯವರಿಗೂ ನನ್ನ ಬಾಣಂತನದ ವರದಿ ತಲುಪುತ್ತಿತ್ತು.

ಕೂಸು ಉಳಿಯಿತು. ಉಳಿಯಿತೇನು, ಮೂರು ತಿಂಗಳಿಗೆ ಕೈ ತುಂಬಿತು. ಅಳು ಶುರು ಮಾಡಿದರೆ ಓನರಮ್ಮನ ದನಿಯನ್ನೇ ಮೀರಿಸುವ ಹಾಗಾಯಿತು. ಸಾಲಿನ ಕೊನೆಯ ರೂಮಿನ ತೊಲೆಗೆ ತೊಟ್ಟಿಲು ಕಟ್ಟಿ ಹೆಸರಿಟ್ಟೆವು. ಅವತ್ತು ಯಾರೂ ಯಾವ ಹಳ್ಳಿಗೂ ಹೋಗಲಿಲ್ಲ. ಓನರಮ್ಮ ತೊಟ್ಟಿಲು ತೂಗುತ್ತಾ ಮಗುವಿಗೆ ಹೇಳಿದ ಮಾತು ನೆನಪಿದೆ: “ನೀನೇ ಕಣೇ ಈ ಊರಿನ ಮೊದಲ್ನೇ ಬೆಳೆ. ಶೇಂಗಾ ಆದ್ಮೇಲೆ ನೀನೇ.” ನನ್ನ ಅತ್ತೆ ಬಾಗಿಲಲ್ಲಿ ನಿಂತಿದ್ದವರು ಒಳಗೆ ಬಂದು ಓನರಮ್ಮನ ಪಕ್ಕ ಕೂತು, ತೊಟ್ಟಿಲಿನ ಇನ್ನೊಂದು ಹಗ್ಗ ಹಿಡಿದುಕೊಂಡರು. ಅಷ್ಟೇ ಅವರ ಕ್ಷಮಾಪಣೆ, ಸಾಕಾಗಿತ್ತು.

ಆಮೇಲೆ ಸಾಲಿನಲ್ಲಿ ಹೆರಿಗೆ ಎಂಬುದು ಮಾಮೂಲಾಯಿತು. ತವರು ಇಲ್ಲದವರು, ತವರಿದ್ದೂ ಅಲ್ಲಿ ಅಣ್ಣನ ಹೆಂಡತಿಯ ಮುಖ ನೋಡಲಾಗದವರು, ಅಲ್ಲೇ ಉಳಿದು ಹೆತ್ತರು. ಚಾರ್ಜ್ ಕೊಡುವ ಕೂಗು ವರ್ಷಕ್ಕೆ ಒಂದೆರಡು ಬಾಗಿಲಲ್ಲಾದರೂ ಕೇಳುತ್ತಿತ್ತು. ಮಕ್ಕಳು ಹೆಚ್ಚಾದ ಮೇಲೆ ಅಂಗನವಾಡಿ ಬಂತು, ಶಾಲೆ ಬಂತು, ಹಬ್ಬಕ್ಕೆ ಬೀಗ ಹಾಕುವವರು ಕಡಿಮೆಯಾದರು. ಸುತ್ತಲಿನ ರೈತರು ಹತ್ತಿ ಬಿಟ್ಟು ಮೆಕ್ಕೆಜೋಳ ಹಿಡಿದಾಗ ಜಿನ್ನಿಂಗ್ ಮಿಲ್ಲು ಮುಚ್ಚಿತು. ನಮ್ಮವರು ಲೇತ್ ಅಂಗಡಿ ಹಾಕಿದರು, ನಾನು ಹೊಸದಾಗಿ ಬಂದ ಗಾರ್ಮೆಂಟ್ಸಿಗೆ ಹೊಲಿಗೆಗೆ ಸೇರಿದೆ. ಹೆದ್ದಾರಿ ಅಗಲವಾಯಿತು, ಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆಗಳು ತಿರುಗತೊಡಗಿದವು, ತಗಡಿನ ಸಾಲು ಹೋಗಿ ಆರ್‌ಸಿಸಿ ಬಂತು. ಸಾಲಿನ ಎದುರಿಗೆ, ರಸ್ತೆಯ ಆಚೆ ಕಡೆ ನಾವೂ ಒಂದು ಸಣ್ಣ ಮನೆ ಕಟ್ಟಿಕೊಂಡೆವು. ಈಗ ಸಾಲಿನಲ್ಲಿ ಒಡಿಶಾದ, ಬಿಹಾರದ ಹುಡುಗಿಯರಿದ್ದಾರೆ. ಅವರ ಭಾಷೆ ಓನರಮ್ಮನಿಗೆ ಬರುತ್ತಿರಲಿಲ್ಲ, ಓನರಮ್ಮನ ಭಾಷೆ ಅವರಿಗೆ ಬರುತ್ತಿರಲಿಲ್ಲ. ಅದಕ್ಕೇನಂತೆ, ಜೋರಾಗಿ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ ಎಂದು ನಂಬಿ ಓನರಮ್ಮ ಇನ್ನಷ್ಟು ಜೋರಾಗಿ ಮಾತಾಡುತ್ತಿದ್ದರು. ಆ ಹುಡುಗಿಯರೂ ಅವರನ್ನು ಓನರಮ್ಮ ಎಂದೇ ಕರೆದರು.

ಅಪ್ಪ ಕೊನೆಗೂ ನನ್ನನ್ನು ಕರೆಯಲಿಲ್ಲ. ಅವ್ವ ಒಮ್ಮೆ ಕದ್ದು ಬಂದು ಮೊಮ್ಮಗಳನ್ನು ಎತ್ತಿ ಮುದ್ದಾಡಿ ಹೋದಳು, ಅದಾದ ಎರಡು ಮಳೆಗಾಲಕ್ಕೆ ತೀರಿಕೊಂಡಳು. ಅಪ್ಪನೂ ಹೋದ. ಆ ಮನೆಯ ಹೊಸ್ತಿಲನ್ನು ನಾನು ಮತ್ತೆ ತುಳಿಯಲೇ ಇಲ್ಲ.

ಓನರಮ್ಮ ಹೋದದ್ದು ಹೋದ ವರ್ಷ. ಮಲಗಿ ಯಾರಿಗೂ ಕಷ್ಟ ಕೊಡಲಿಲ್ಲ. ಮಧ್ಯಾಹ್ನ ಊಟ ಮಾಡಿ, ಬಾವಿಕಟ್ಟೆಯ ಹತ್ತಿರ ಮಂಚ ಹಾಕಿಸಿಕೊಂಡು ಒರಗಿದವರು ಏಳಲಿಲ್ಲ. ಅವರ ತಮ್ಮನ ಮನೆಯವರು ಹೊಸದುರ್ಗದ ಕಡೆಯಿಂದ ಬಂದರು. ತಮ್ಮೂರಿಗೆ ಒಯ್ಯುವ ಮಾತೆತ್ತಿದರು, ಸಾಲಿನವರಲ್ಲಿ ಯಾರೂ ಒಪ್ಪಲಿಲ್ಲ. ಬಾವಿಯ ಹಿಂದೆ ಉಳಿದ ಹೊಲದ ಚೂರಿನಲ್ಲಿ, ಗಂಡನ ಪಕ್ಕದಲ್ಲಿ, ಐನವರನ್ನು ಕರೆಸಿ, ಲಿಂಗವಂತರ ಪದ್ಧತಿಯಂತೆ ದೇಹವನ್ನು ಕೂರಿಸಿ ಮಣ್ಣು ಕೊಟ್ಟೆವು. ಗಾರ್ಮೆಂಟ್ಸಿನ ಶಿಫ್ಟು ಬಿಟ್ಟ ಹೆಂಗಸರೆಲ್ಲ ಊಟದ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಬಂದು ನಿಂತಿದ್ದರು.

ಶಿವಗಣಾರಾಧನೆ ಮುಗಿದು ಎಲ್ಲರ ಊಟವಾದ ಮೇಲೆ ಓನರಮ್ಮನ ತಮ್ಮನ ಹೆಂಡತಿ, ತುಂಬ ವಯಸ್ಸಾದವರು, ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದ ಅಚ್ಚು ಇಟ್ಟುಕೊಂಡು ಹೆಂಚಿನ ಮನೆಯ ಬಾಗಿಲಲ್ಲಿ ನಿಂತರು. ಮನೆಯ ಹಿರಿಯರು ಹೋದಾಗ, ಕಾರ್ಯ ಮುಗಿದ ಮೇಲೆ ಹೆಣ್ಣುಮಕ್ಕಳನ್ನು ಬರಿಮಡಿಲಲ್ಲಿ ಕಳಿಸಬಾರದು, ಅಕ್ಕಿ ತುಂಬಿ ಕಳಿಸಬೇಕು ಎಂಬುದು ಅವರ ಮನೆತನದ ಪದ್ಧತಿ. ಇಲ್ಲಿ ಹೆಣ್ಣುಮಕ್ಕಳು ಇಲ್ಲವೆಂಬುದು ಅವರಿಗೂ ಗೊತ್ತು. ಶಾಸ್ತ್ರ ಬಿಡಬಾರದೆಂದು ಒಂದು ಮಾತು ಕೂಗಿದರು.

“ಮನೆ ಹೆಣ್ಮಕ್ಳು ಯಾರಾದ್ರೂ ಇದ್ರೆ ಬರ್ರವ್ವ.”

ನಾನು ಎದ್ದೆ. ನನ್ನ ಪಕ್ಕದಲ್ಲಿದ್ದ ಹೊಸದುರ್ಗದವಳೂ ಎದ್ದಳು. ಆಂಧ್ರದ ಗಡಿಯವಳು, ಕೂದಲೆಲ್ಲ ಬೆಳ್ಳಗಾದವಳು, ಮಂಡಿ ಹಿಡಿದುಕೊಂಡು ಎದ್ದಳು. ಸಾಬರ ಹೆಂಡತಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದಳು. ಅಲ್ಲಿ ಹೆತ್ತವರು, ಅಲ್ಲಿ ಮಗು ಕಳೆದುಕೊಂಡು ಅತ್ತವರು, ಕೊನೆಗೆ ಒಡಿಶಾದ ಹುಡುಗಿಯರು, ಏನು ನಡೆಯುತ್ತಿದೆಯೆಂದು ಗೊತ್ತಿಲ್ಲದೆಯೂ ನಮ್ಮ ಹಿಂದೆ ಸೆರಗು ಹಿಡಿದು ನಿಂತರು. ಸಾಲು ಬಾವಿಕಟ್ಟೆ ದಾಟಿ ರಸ್ತೆಯವರೆಗೆ ಬೆಳೆಯಿತು. ಆ ಅಜ್ಜಿ ಒಮ್ಮೆ ಮೊರ ನೋಡಿದರು, ಒಮ್ಮೆ ನಮ್ಮನ್ನು ನೋಡಿದರು. “ಅಯ್ಯ ಶಿವನೇ, ನಮ್ಮ ಅತ್ತಿಗಿ ಇಷ್ಟು ಹಡೆದಿದ್ಲಾ!” ಎಂದು ಕಣ್ಣೀರು ಹಾಕಿಕೊಂಡು, “ಲೇ, ಅಂಗಡಿಗೆ ಹೋಗಿ ಇನ್ನೊಂದು ಚೀಲ ಅಕ್ಕಿ ತರ್ರೋ” ಎಂದು ಒಳಗಿನ ಗಂಡಸರನ್ನು ಕೂಗಿದರು.

ನನ್ನ ಸರದಿ ಬಂತು. ಮದುವೆಯಾದ ದಿನ ನನ್ನ ಮಡಿಲಿಗೆ ಯಾರೂ ಅಕ್ಕಿ ಹಾಕಿರಲಿಲ್ಲ. ಆಮೇಲೂ ಯಾವ ಮನೆಯಿಂದಲೂ ಹಾಗೆ ಹೊರಟವಳಲ್ಲ. ಬೇರೆ ಹೆಂಗಸರು ತವರಿನಿಂದ ಬರುವಾಗ ಬಸ್ಸಿನ ಕಿಟಕಿಗೆ ಮುಖ ಒತ್ತಿ ಅಳುವುದನ್ನು ನೋಡಿ, ಏನು ನಾಟಕವಪ್ಪಾ ಇವರದು ಎಂದು ರೇಗುತ್ತಿದ್ದೆ. ಅಜ್ಜಿ ಬೊಗಸೆ ಬೊಗಸೆ ಅಕ್ಕಿ ಸುರಿದರು, ಕೊಬ್ಬರಿ ಇಟ್ಟರು, ಬೆಲ್ಲ ಇಟ್ಟರು. “ಹೋಗಿ ಬಾರವ್ವ” ಎಂದರು. ನಾನು ಹೋಗಬೇಕಾಗಿದ್ದುದು ರಸ್ತೆಯ ಆಚೆಗಿನ ನಮ್ಮ ಮನೆಗೆ, ಅಷ್ಟೇ. ಮಡಿಲು ಹಿಡಿದುಕೊಂಡು ಆ ರಸ್ತೆ ದಾಟುವುದರೊಳಗೆ ಎರಡು ಸಲ ನಿಂತೆ, ಅಳು ತಡೆಯಲಾಗಲಿಲ್ಲ.